ದಿಲೆತ್ತಾಂತೆ ಆಗೋದು ಹೆಂಗ: ಶೌಕ್ ಶೋಕಿ ಆಗದಂಗ ಕಾಯೋ ದಾರಿ

ಮೊದಲಿಗಿ ಶಬ್ದ ಬಾಯಾಗ ಸರಿಯಾಗಿ ಕುಂದ್ರಬೇಕ್ರಿ. ದಿ-ಲೆ-ತ್ತಾಂ-ತೆ. ಇದು ಇಟಾಲಿಯನ್ ಶಬ್ದ, ಅವರ ತ ನಮ್ಮ ತ ಇದ್ದಂಗ, ನಾಲಿಗಿ ಹಲ್ಲಿಗಿ ಹತ್ತತದ, ನಡುವಿನ ಒತ್ತು ಬುತ್ತಿ ಅತ್ತಿ ಅನ್ನುವಾಗ ಹೆಂಗ ತಡದು ಬಿಡ್ತೀವಿ ಹಂಗ ಬಿಡಬೇಕು, ತಾಂ ಮ್ಯಾಲ ಸ್ವಲ್ಪ ಜೋರು. ಇಂಗ್ಲಿಷಿನವರು ಡಿಲಿಟ್ಯಾಂಟಿ ಅಂತಾರ, ಒತ್ತಕ್ಷರ ಅವರ ಬಾಯಾಗ ನಿಲ್ಲಂಗಿಲ್ಲ, ನಮಗ ಹುಟ್ಟಿದಾಗಿಂದ ರೂಢಿ ಅದ. ಒಬ್ಬ ಇದ್ರ ದಿಲೆತ್ತಾಂತೆ, ನಾಕ್ ಮಂದಿ ಇದ್ರ ದಿಲೆತ್ತಾಂತಿ.

ಅರ್ಥ ಏನಂದ್ರ ಖುಷಿಗಾಗಿ ಒಂದು ಕೆಲಸ ಹಿಡದಾಂವ. ದಿಲೆತ್ತಾರೆ ಅಂದ್ರ ಖುಷಿ ಕೊಡೋದು, ಅದು ಲ್ಯಾಟಿನ್ನಿನ ದೆಲೆಕ್ತಾರೆ ಇಂದ ಬಂದದ, ಇಂಗ್ಲಿಷಿನ ಡಿಲೈಟ್ ಸೈತ ಅದೇ ಬಳಗದ್ದು. ಅಮೆಚೂರ್ ಅನ್ನೋದು ಫ್ರೆಂಚ್ ದಾರಿಯಿಂದ ಬಂತು, ಅದರ ಬೇರು ಲ್ಯಾಟಿನ್ನಿನ ಅಮಾರೆ, ಪ್ರೀತಿ ಮಾಡೋದು. ಎರಡೂ ಶಬ್ದದ ಹೊಟ್ಟಿಯೊಳಗ ಪ್ರೀತಿ ಖುಷಿ ಬಿಟ್ರ ಬ್ಯಾರೆ ಏನೂ ಇದ್ದಿಲ್ಲ, ಕಮ್ಮಿ ತಿಳದಾಂವ ಅನ್ನೋ ಅರ್ಥ ಆಮ್ಯಾಲ ಮಂದಿ ತಂದು ಹಚ್ಚಿದ್ದು.

ನಾ ಕಲಬುರಗಿಯ ಒಂದು ದಾಲ್ ಮಿಲ್‌ನಾಗ ಲೆಕ್ಕ ಬರೀತೀನ್ರಿ. ವಾರಕ್ಕ ಆರು ದಿನ ತೊಗರಿ ಚೀಲ, ತೂಕ, ಲಾರಿ ಬಾಡಿಗಿ. ಐತವಾರ ಹಳ್ಳಿ ಹಳ್ಳಿ ತಿರುಗಿ ಶಾಸನ ಓದ್ತೀನಿ. ಹನ್ನೊಂದು ವರ್ಷ ಆಯ್ತು. ಒಂದು ಸೆಮಿನಾರಿನಾಗ ನಾ ಎದ್ದು ಏನೋ ಕೇಳಿದಾಗ ದೊಡ್ಡವರೊಬ್ರು "ನೀವು ಡಿಲೆಟೆಂಟ್ ಬಿಡ್ರಿ" ಅಂದ್ರು, ನಾಕ್ ಮಂದಿ ನಕ್ರು. ಅವತ್ತ ರಾತ್ರಿ ಈ ಶಬ್ದ ಹುಡುಕಿದೆ, ಹುಡುಕಿದ ಮ್ಯಾಲ ಸಿಟ್ಟು ಹೋಯ್ತು, ಯಾಕಂದ್ರ ಅದು ನನ್ನ ಬಗ್ಗೆ ಯಾರಾದ್ರೂ ಹೇಳಬಹುದಾದ ಖರೇ ಮಾತು. ಅದಕ್ಕ ಈ ದಾರಿಗಿ ಬರಬೇಕು ಅನ್ನೋರಿಗಿ ಎಲ್ಲಿಂದ ಶುರು ಮಾಡೋದು, ಏನು ಮಾಡಬಾರದು ಅಂತ ಬರದಿಟ್ಟೀನಿ. ಉದಾಹರಣಿ ನಂದು ಶಾಸನದ್ದು, ನಿಮ್ಮದು ತಬಲಾ ಇರಬಹುದು, ಬಿದ್ರಿ ಕೆಲಸ ಇರಬಹುದು, ಹಕ್ಕಿ ನೋಡೋದು ಇರಬಹುದು.

ಈ ಶಬ್ದ ಯಾವ ದೇಶದಾಗ ಯಾರಿಗಿ ಅಂತೀರಿ ಅನ್ನೋದು ನೋಡಿ ಅನ್ರಿ. ಇಟಲಿಯೊಳಗ ಇವತ್ತಿಗೂ ಧೈರ್ಯವಾಗಿ ಅನ್ನಬಹುದು, ಅಲ್ಲಿ ಹವ್ಯಾಸಿ ಫುಟ್ಬಾಲ್ ನಡಸೋ ಸಂಸ್ಥೆ ಹೆಸರೇ ಲೇಗಾ ನಾತ್ಸಿಯೋನಾಲೆ ದಿಲೆತ್ತಾಂತಿ, 1959ರಾಗ ಹುಟ್ಟಿದ್ದು, ದೇಶದ ನಾಕನೇ ಹಂತದ ಸೆರಿಯೆ ಡಿ ಪಂದ್ಯಾವಳಿ ಅವರ ಕೈಯಾಗ ಅದ. ಆದ್ರ ಇಟಲಿಯಾಗೂ ಒಬ್ಬನ ಕೆಲಸ ನೋಡಿ ದನಿ ಬದಲಿಸಿ ಅಂದ್ರ ಬೈಗುಳ ಆಗತದ, ಅದು ನೆನಪಿರ್ಲಿ. ಡೆನ್ಮಾರ್ಕಿನಾಗ ಊರ ಮಂದಿ ಸೇರಿ ಆಡೋ ನಾಟಕಕ್ಕ ದಿಲೆತಾಂತ್ ಕೊಮೆದಿಯೆ ಅಂತಾರ, ನಮ್ಮ ಕಡಿ ಜಾತ್ರಿಯೊಳಗ ಹೊಲದ ಕೆಲಸ ಮುಗಿಸಿ ಬಂದು ಬಣ್ಣ ಹಚ್ಚಿಕೊಂಡು ದೊಡ್ಡಾಟ ಆಡ್ತಾರಲ್ಲ ಹಂಗ, ಅಲ್ಲಿ ಅದರಾಗ ಅವಮಾನ ಇಲ್ಲ. ಫ್ರಾನ್ಸಿನಾಗ ಹತ್ತೊಂಬತ್ತನೇ ಶತಮಾನದ ಶುರುವಿಗಿ ಇಟಾಲಿಯನ್ ಸಂಗೀತದ ಹುಚ್ಚರಿಗಿ ದಿಲೆತಾಂತ್ ಅಂತಿದ್ರು, ಈಗ ಆಂ ದಿಲೆತಾಂತ್ ಅಂದ್ರ ಮನಸ್ಸಿಗಿ ಬಂದಂಗ, ಗಂಭೀರ ಇಲ್ಲದಂಗ ಮಾಡೋದು. ಜರ್ಮನಿಯಾಗ ಬಾಯಿ ತಪ್ಪಿ ಯಾರಿಗೂ ಅನ್ನಬ್ಯಾಡ್ರಿ. ಅಲ್ಲಿನ ದೊಡ್ಡ ಕವಿಗಳು ಗಯಟೆ ಮತ್ತ ಶಿಲ್ಲರ್ 1799ರಾಗ ಈ ದಿಲೆತ್ತಾಂತೆತನದ ಲಾಭ ಏನು ನಷ್ಟ ಏನು ಅಂತ ಕಲೆ ಕಲೆಗೂ ಬ್ಯಾರೆ ಬ್ಯಾರೆ ಟಿಪ್ಪಣಿ ಮಾಡಿ ಇಟ್ಟಿದ್ರು, ಲಾಭದ ಮಾತೂ ಅದರಾಗ ಇತ್ತು, ಖರೇ ಆದ್ರ ಈಗಿನ ಜರ್ಮನ್ನಿನಾಗ ದಿಲೆತಾಂಟಿಶ್ ಅಂದ್ರ ಕೆಲಸ ಕೆಡಿಸ್ಯಾನ ಅಂತಲೇ ಅರ್ಥ. ರಷ್ಯಾದಾಗೂ ಬೈಗುಳವೇ, ಹೆರ್ಜೆನ್ ಅನ್ನೋ ಲೇಖಕ 1843ರಾಗ ವಿಜ್ಞಾನದೊಳಗಿನ ದಿಲೆತ್ತಾಂತೆಗಳ ಮ್ಯಾಲ ಸಾಲು ಲೇಖನ ಬರದು ಚುಚ್ಚಿದ್ದ. ಪೋಲಿಷ್, ಡಚ್, ಸ್ವೀಡಿಶ್ ಎಲ್ಲಾದರಾಗೂ ಶಬ್ದ ಅದ. ಸ್ಪೇನಿನವರಲ್ಲೂ ಅದ, ಆದ್ರ ಹವ್ಯಾಸಿಗಿ ಅವರು ಅಫಿಸಿಯೊನಾದೊ ಅಂತಾರ.

ಇಷ್ಟು ಕೆಟ್ಟ ಹೆಸರು ಬರೋ ಮೊದಲು ಇದು ಮಂದಿ ತಾವಾಗೇ ಹಾಕ್ಕೊಳ್ಳೋ ಬಿರುದು ಇತ್ರಿ. ವೆನಿಸ್ಸಿನ ಅಲ್ಬಿನೋನಿ, 1671ರಾಗ ಹುಟ್ಟಿದಾಂವ, ಅಪ್ಪಂದು ಕಾಗದದ ವ್ಯಾಪಾರ, ಮನ್ಯಾಗ ರೊಕ್ಕ ಇತ್ತು, ಅಂವ ತನ್ನ ಸಂಗೀತ ಅಚ್ಚು ಹಾಕ್ಸುವಾಗ ಹೆಸರಿನ ಕೂಡ ದಿಲೆತ್ತಾಂತೆ ವೆನೆತೊ ಅಂತ ಹಾಕ್ಕೊಳ್ತಿದ್ದ. ಬೆನೆದೆತ್ತೊ ಮಾರ್ಚೆಲ್ಲೊ ಕಾನೂನು ಕಲಿತು ಸರ್ಕಾರಿ ಹುದ್ದೆದಾಗ ಇದ್ದಾಂವ, ಅಂವ ಸೈತ ಹಂಗೇ ಬರ್ಕೊಳ್ತಿದ್ದ. ಇಬ್ಬರ ಸಂಗೀತನೂ ಇವತ್ತು ನುಡಿಸ್ತಾರ. ಇಂಗ್ಲಂಡಿಗಿ ಈ ಶಬ್ದ ಹೋಗಿದ್ದು ಇಟಲಿ ತಿರುಗಾಡಿ ಬಂದ ಸಾವುಕಾರ ಹುಡುಗರ ಕೂಡ, 1734ರ ಹೊತ್ತಿಗಿ ಲಂಡನ್ನಿನಾಗ ಸೊಸೈಟಿ ಆಫ್ ದಿಲೆತ್ತಾಂತಿ ಕಟ್ಟಿದ್ರು, ಹೊರೇಸ್ ವಾಲ್ಪೋಲ್ ಅನ್ನೋ ಇಂಗ್ಲಿಷ್ ಬರಹಗಾರ ಆ ಸಂಘದವರ ಬಗ್ಗೆ ಸಂಘ ಸೇರ್ಲಾಕ ಹೆಸರಿಗಿ ಇಟಲಿಗಿ ಹೋಗಿರಬೇಕು, ಖರೇವಾಗಿ ಕುಡದಿರಬೇಕು ಅಂತ 1743ರಾಗ ಬರದ. ಇರಬಹುದು. ಆದ್ರ ಅದೇ ಸಂಘ 1764ರಾಗ ಮೂರು ಮಂದಿನ್ನ, ಚಾಂಡ್ಲರ್, ರೆವೆಟ್, ಪಾರ್ಸ್, ತನ್ನ ರೊಕ್ಕದಲೆ ಅಯೋನಿಯಾಕ್ಕ ಕಳಿಸ್ತು, ಅದು ಈಗಿನ ಟರ್ಕಿಯ ಪಡುವಣ ದಂಡಿ, ಅಲ್ಲಿನ ಪಾಳು ಗುಡಿಗಳ ಅಳತಿ ತೊಗೊಂಡು ಚಿತ್ರ ತೆಗೆಸಿ ಅಚ್ಚು ಹಾಕಿಸ್ತು. ಆ ಅಳತಿ ಕೆಲಸ ಮುಂದಿನವರಿಗಿ ಉಪಯೋಗ ಬಿತ್ತು.

ನಮ್ಮ ಶಬ್ದಕ್ಕೂ ಹಿಂಗೇ ಆಗ್ಯಾದ ನೋಡ್ರಿ. ಶೌಕ್ ಅರಬ್ಬಿಯಿಂದ ಫಾರ್ಸಿಗಿ, ಅಲ್ಲಿಂದ ಉರ್ದುವಿಗಿ ಬಂದದ್ದು, ಅರ್ಥ ಹಂಬಲ. ಕಲಬುರಗಿಯಾಗ ಇವತ್ತಿಗೂ "ಆ ಕಾಕಾಗ ಹಾಡಿಕಿ ಶೌಕ್ ಭಾಳ ಅದರಿ" ಅಂದ್ರ ಮರ್ಯಾದಿ ಮಾತು. ಅದೇ ಶಬ್ದ ಕನ್ನಡದಾಗ ಶೋಕಿ ಆಗಿ, ಮೈಮ್ಯಾಲ ಅತ್ತರ್ ಹಾಕ್ಕೊಂಡು ಗಾಡಿ ಮ್ಯಾಲ ಸುತ್ತೋನಿಗಿ ಶೋಕಿಲಾಲ ಅಂದ್ರು. ಹವ್ಯಾಸನೂ ಹಂಗೇ, ನಾವು ಅದಕ್ಕ ಒಳ್ಳೆ ಅರ್ಥ ಕೊಟ್ಟೀವಿ, ಬೀದರಿನ ಗಡಿ ಊರಾಗ ಮರಾಠಿಯವರ ಮುಂದ ಹವ್ಯಾಸ ಅಂದ್ರ ದುರಾಸಿ ಅಂತ ತಿಳ್ಕೊಳ್ತಾರ, ಅವರು ಹವ್ಯಾಸಿ ನಾಟಕಕ್ಕ ಹೌಶಿ ಅಂತಾರ. ಖುಷಿ ಅನ್ನೋದು ಕೈತಪ್ಪಿದ್ರ ಶಬ್ದ ಸೈತ ಕೆಡತದ. ನಿಮ್ಮ ಶೌಕ್ ಕೆಡದಂಗ ಹೆಂಗ ಹಿಡಿಯೋದು ಅನ್ನೋದೇ ಮುಂದಿನ ಮಾತು.

ಒಂದೇ ಹಿಡೀರಿ, ಮತ್ತ ಹತ್ರದ್ದು ಹಿಡೀರಿ. ಹಂಪಿ, ಬಾದಾಮಿ, ಅಜಂತಾ ಎಲ್ಲಾ ಒಮ್ಮೆ ನೋಡಿ ಬರೋದು ಪ್ರವಾಸ. ನಾ ಶುರು ಮಾಡಿದ್ದು ಚಿತ್ತಾಪುರ ಹತ್ರ ನಾಗಾವಿಯಿಂದ, ಬಸ್ಸಿನಾಗ ಹೋಗಿ ಸಂಜಿಗಿ ಮನಿಗಿ ಬರಬಹುದು. ಅಲ್ಲಿ ಅರವತ್ತು ಕಂಬದ ಗುಡಿ ಅದ, ಕಲ್ಯಾಣ ಚಾಲುಕ್ಯರ ಕಾಲಕ್ಕ ಘಟಿಕಾಸ್ಥಾನ, ಅಂದ್ರ ದೊಡ್ಡ ವಿದ್ಯಾಕೇಂದ್ರ ಇತ್ತು, 1058ರ ಶಾಸನದಾಗ ಓದೋ ಹುಡುಗರಿಗಿ, ಕಲಿಸೋರಿಗಿ, ಪುಸ್ತಕ ಕಾಯೋ ಸರಸ್ವತಿ ಭಂಡಾರಿಗರಿಗಿ ಜಮೀನು ಬಿಟ್ಟ ಲೆಕ್ಕ ಬರದಾರ. ನಾ ಲೆಕ್ಕ ಬರಿಯೋ ಮನಷ್ಯ, ಆ ಲೆಕ್ಕ ನೋಡಿ ನಾ ಅಲ್ಲೇ ನೆಲಕ್ಕ ಕುಂತೆ. ಸಾವಿರ ವರ್ಷದ ಹಿಂದ ನನ್ನಂಥಾಂವ ಒಬ್ಬ ಇದ್ದ, ಯಾರಿಗಿ ಎಷ್ಟು ಅಂತ ಬರದಿಟ್ಟಾನ. ಒಂದೇ ಜಾಗಕ್ಕ ಹತ್ತು ಸಲ ಹೋಗ್ರಿ, ಹತ್ತನೇ ಸಲಕ್ಕ ಹೊಸದು ಕಾಣತದ.

ಹಳ್ಳಿಗಿ ಹೋದ್ರ ಸೀದಾ ಕಲ್ಲಿನ ಹತ್ರ ಹೋಗಬ್ಯಾಡ್ರಿ, ಇದು ನಾ ಕೈಮುಗದು ಹೇಳೋ ಮಾತು. ನಿಧಿ ಹುಡುಕೋ ಮಂದಿ ರಾತ್ರಿ ಬಂದು ಕಲ್ಲು ಕೆಡವಿ, ನಂದಿ ಹೊಟ್ಟಿ ಒಡದು ಹೋಗ್ಯಾರ, ಅದಕ್ಕ ಊರವರು ಹೊಸಬರನ್ನ ಅನುಮಾನದಲೆ ನೋಡ್ತಾರ, ಅವರ ಅನುಮಾನ ನ್ಯಾಯದ್ದೇ. ಮೊದಲು ಗುಡಿ ಪೂಜಾರಿಗಿ, ಇಲ್ಲಂದ್ರ ಕಟ್ಟಿ ಮ್ಯಾಲ ಕುಂತ ಹಿರಿಯರಿಗಿ "ಶರಣ್ರಿ ಕಾಕಾ, ಶಾಸನ ಓದ್ಲಾಕ ಬಂದೀನಿ" ಅನ್ರಿ, ಚಾ ಕೊಟ್ರ ಕುಡೀರಿ, ಎಲ್ಲಿ ಕೆಲಸ ಮಾಡ್ತೀರಿ ಯಾರ ಮಗ ಎಲ್ಲಾ ಹೇಳ್ರಿ. ಒಬ್ಬರನ್ನ ಕೂಡ ಕರ್ಕೊಂಡೇ ಕಲ್ಲಿನ ಹತ್ರ ಹೋಗ್ರಿ. ಹಾರಿ, ಸಲಿಕಿ, ಗುದ್ದಲಿ ಗಾಡಿಯಾಗ ಇರಲೇಬಾರದು. ಮಣ್ಣಾಗ ಅರ್ಧ ಹುಗದ ಕಲ್ಲಿದ್ರ ಅರ್ಧಾನೇ ಓದ್ರಿ, ಅಗಿಯೋದು ನಿಮ್ಮ ಕೆಲಸ ಅಲ್ಲ. ಸರ್ಕಾರದ ನೀಲಿ ಬೋರ್ಡ್ ಇದ್ದ ಸ್ಮಾರಕದಾಗ ಇಲಾಖೆಯವರನ್ನ ಕೇಳದೆ ಏನೂ ಮಾಡೋಹಂಗಿಲ್ಲ, ಕಾಗದ ಹಚ್ಚಿ ಮಸಿ ಬಡದು ಪಡಿಯಚ್ಚು ತೆಗಿಯೋದು ಕಲಿತವರ ಕೆಲಸ.

ಬೆಳಕು. ಇದರ ಬಗ್ಗೆ ನಾ ಭಾಳ ಹೇಳ್ತೀನಿ, ಯಾಕಂದ್ರ ಶಾಸನ ಓದೋದ್ರಾಗ ಅರ್ಧ ಕೆಲಸ ಬೆಳಕಿಂದು. ಮಂದಿ ಏನ್ ಮಾಡ್ತಾರಂದ್ರ ಅಕ್ಷರ ಕಾಣವಲ್ದು ಅಂತ ಸೀಮೆಸುಣ್ಣ ತುಂಬತಾರ, ಹಿಟ್ಟು ಬಳೀತಾರ, ಎಣ್ಣಿ ಹಚ್ಚತಾರ. ಮಾಡಬ್ಯಾಡ್ರಿ. ಕಲ್ಲಿನ ಸಂದ್ಯಾಗ ಹೋದದ್ದು ಹೊರಗ ಬರಂಗಿಲ್ಲ, ಮತ್ತ ಸುಣ್ಣ ತುಂಬಿದಾಗ ನೀವು ಓದೋದು ಕಲ್ಲನ್ನ ಅಲ್ಲ, ನಿಮ್ಮ ಊಹೆನ್ನ. ಧೂಳು ಇದ್ರ ಮೆತ್ತನ ಬ್ರಷ್ ಸಾಕು, ಕಬ್ಬಿಣದ ತಂತಿ ಬ್ರಷ್ ಬ್ಯಾಡ. ಮಧ್ಯಾಹ್ನ ಸೂರ್ಯ ನೆತ್ತಿ ಮ್ಯಾಲ ಇದ್ದಾಗ ಅಕ್ಷರ ಎಲ್ಲಾ ಮಲಗಿರ್ತಾವ, ಮುಂಜಾನಿ ಏಳರಿಂದ ಎಂಟೂವರಿ, ಸಂಜಿ ಐದರ ಮ್ಯಾಲ ಬಿಸಿಲು ಅಡ್ಡ ಬಿದ್ದಾಗ ಅಕ್ಷರದ ಅಂಚಿಗಿ ನೆರಳು ಬಿದ್ದು ಸಾಲು ಸಾಲು ಎದ್ದು ನಿಲ್ತಾವ. ಗುಡಿ ಒಳಗ ಕತ್ತಲಿ ಇದ್ರ ಬ್ಯಾಟರಿ ತೊಗೊಂಡು ಕಲ್ಲಿನ ಮೈಗಿ ಒರಗಿಸಿ ಪಕ್ಕದಿಂದ ಬಿಡ್ರಿ, ಎದುರಿಂದ ಬಿಡಬ್ಯಾಡ್ರಿ. ಎಡಕ್ಕಿಂದ ಒಂದು ಫೋಟೋ, ಬಲಕ್ಕಿಂದ ಒಂದು, ಮ್ಯಾಲಿಂದ ಒಂದು. ಹೊರಗ ನೆರಳಾಗ ಇದ್ದ ಕಲ್ಲಿಗಿ ಮನ್ಯಾಗಿನ ಸಣ್ಣ ಕನ್ನಡಿ ಒಯ್ದು ಬಿಸಿಲು ತಿರುಗಿಸಿ ಬಿಟ್ರೂ ನಡೀತದ. ನವೆಂಬರ್‌ದಿಂದ ಫೆಬ್ರವರಿ ಒಳ್ಳೆ ಕಾಲ, ನಮ್ಮ ಬ್ಯಾಸಗಿ ಗೊತ್ತದಲ್ಲ, ಏಪ್ರಿಲ್ ಮೇ ತಿಂಗಳಾಗ ಕಲ್ಲು ಮುಟ್ಲಾಕ ಆಗಂಗಿಲ್ಲ, ಆವಾಗ ಮನ್ಯಾಗ ಕುಂತು ಫೋಟೋ ನೋಡಿ ಬರಕೊಳ್ರಿ. ಚೀಲದಾಗ ಎರಡು ಲೀಟರ್ ನೀರು, ರೊಟ್ಟಿ ಶೇಂಗಾ ಹಿಂಡಿ, ಟೇಪು, ನೋಟ್‌ಬುಕ್, ಪೆನ್ಸಿಲ್. ಪೆನ್ ಬ್ಯಾಡ, ಬೆವರಿಗಿ ಮಸಿ ಹರೀತದ.

ಓದ್ಲಾಕ ಬರಂಗಿಲ್ಲಲ್ಲ ಅಂತೀರಿ. ಬರತದ. ನಮ್ಮ ಕಡಿ ಕಲ್ಲಿಗಿ ಒಂದು ಸವಲತ್ತು ಅದ, ಭಾಳಷ್ಟು ಕಲ್ಲು ಒಂದೇ ಪಾಠದಿಂದ ಶುರು ಆಗತಾವ. "ಸ್ವಸ್ತಿ ಸಮಸ್ತಭುವನಾಶ್ರಯ ಶ್ರೀಪೃಥ್ವೀವಲ್ಲಭ ಮಹಾರಾಜಾಧಿರಾಜ ಪರಮೇಶ್ವರ ಪರಮಭಟ್ಟಾರಕ ಸತ್ಯಾಶ್ರಯಕುಳತಿಳಕ ಚಾಳುಕ್ಯಾಭರಣ", ಇದನ್ನ ಬಾಯಿಪಾಠ ಮಾಡ್ರಿ, ಮಕ್ಕಳು ಮಗ್ಗಿ ಮಾಡಿದಂಗ. ಆಮ್ಯಾಲ ಕಲ್ಲಿನ ಮುಂದ ನಿಂತು ಒಂದೊಂದು ಅಕ್ಷರಕ್ಕ ಬಟ್ಟು ಇಟ್ಟಂಗ ಹೊಂದಿಸ್ಕೊಂತ ಹೋಗ್ರಿ, ಸ, ಮ, ಭ, ವ, ನ, ಶ್ರ, ಪರ, ಮೂರು ನಾಕು ಸಾಲು ಮುಗಿಯೋದ್ರಾಗ ನಿಮಗ ಆ ಕಲ್ಲು ಬರದಾಂವನ ಕೈ ಗೊತ್ತಾಗಿರತದ, ಕೆಳಗಿನ ಸಾಲಿಗಿ ಅದೇ ಅಕ್ಷರ ಬಂದಾಗ ಗುರ್ತು ಹಿಡೀತೀರಿ. ಈಗ ಬಳಸದೇ ಇರೋ ೞ ಮತ್ತ ಱ ಅಲ್ಲಲ್ಲಿ ಬರತಾವ, ಮೊದಲು ಗಾಬರಿ ಆಗತದ, ಆಮ್ಯಾಲ ಹಳೇ ಬೀಗರು ಸಿಕ್ಕಂಗ ಆಗತದ. ಆ ಪಾಠದ ಹಿಂದ ರಾಜನ ಬಿರುದು ಬರತದ: ತ್ರೈಲೋಕ್ಯಮಲ್ಲ ಅಂದ್ರ ಒಂದನೇ ಸೋಮೇಶ್ವರ, ಭುವನೈಕಮಲ್ಲ ಅಂದ್ರ ಎರಡನೇ ಸೋಮೇಶ್ವರ, ತ್ರಿಭುವನಮಲ್ಲ ಅಂದ್ರ ಸಾಮಾನ್ಯವಾಗಿ ಆರನೇ ವಿಕ್ರಮಾದಿತ್ಯ. ಶ್ರೀಮತ್ಪರಮಗಂಭೀರ ಅಂತ ಶುರು ಆದ್ರ ಜೈನರ ಕಲ್ಲು. ಕೊನಿಗಿ ಸ್ವದತ್ತಾಂ ಪರದತ್ತಾಂ ವಾ ಅಂತ ಬಂದ್ರ ಶಾಪದ ಶ್ಲೋಕ, ಕೊಟ್ಟ ಭೂಮಿ ಕಸಗೊಂಡಾಂವ ಅರವತ್ತು ಸಾವಿರ ವರ್ಷ ಹುಳ ಆಗಿ ಹುಟ್ತಾನ ಅಂತ.

ತಾರೀಖು ತೆಗಿಯೋದು ಹಿಂಗ. ಶಕ ವರ್ಷ ಕೊಟ್ಟಿದ್ರ 78 ಕೂಡಸ್ರಿ. ಚಾಳುಕ್ಯ ವಿಕ್ರಮ ವರ್ಷ ಅಂತಿದ್ರ, ವಿಕ್ರಮಾದಿತ್ಯ ಪಟ್ಟಕ್ಕ ಬಂದ 1076 ಒಂದನೇ ವರ್ಷ, ಅಂದ್ರ 1075 ಕೂಡಸಬೇಕು. 12ನೇ ವರ್ಷ ಪ್ರಭವ ಸಂವತ್ಸರ ಅಂತಿದ್ರ 1087. ಸರಿ ಅದನೋ ಇಲ್ಲೋ ನೋಡ್ಲಾಕ ಸಂವತ್ಸರ ಅದ, ಅದು 60 ವರ್ಷಕ್ಕ ತಿರುಗಿ ಬರತದ, ನಮ್ಮ ಕಾಲದಾಗ 1987 ಪ್ರಭವ ಇತ್ತು, 900 ಕಳದ್ರ 1087, 900 ಅಂದ್ರ 60ರ 15 ಸುತ್ತು, ಲೆಕ್ಕ ಕೂಡ್ತು. ಲೆಕ್ಕ ಕೂಡಲಿಲ್ಲಂದ್ರ ಅಂಕಿ ತಪ್ಪು ಓದೀರಿ, ಮತ್ತೊಮ್ಮೆ ಬೆಳಕು ಬಿಡ್ರಿ. ಒಂದೆರಡು ವರ್ಷದ ಫರಕು ಬಂದ್ರ ಕಲ್ಲಿನ ಲೆಕ್ಕದಾಗೇ ಇರಬಹುದು, ಅದನ್ನ ತಿದ್ದಬ್ಯಾಡ್ರಿ, ಹಂಗೇ ಬರದು ಪಕ್ಕಕ್ಕ ಟಿಪ್ಪಣಿ ಹಾಕ್ರಿ.

ಬರಕೊಳ್ಳುವಾಗ ಓದಿದ್ದು ಬ್ಯಾರೆ, ಊಹಿಸಿದ್ದು ಬ್ಯಾರೆ ಇಡ್ರಿ. ನಾ ಮಾಡಿದ ತಪ್ಪು ಹೇಳ್ತೀನಿ. ಮೂರನೇ ವರ್ಷ ಇರಬೇಕು, ಒಂದು ಕಲ್ಲಿನಾಗ ಒಂದು ಊರ ಹೆಸರು ಓದಿ, ಯಾರಿಗೂ ಗೊತ್ತಿಲ್ಲದ ಸುದ್ದಿ ಸಿಕ್ತು ಅಂತ ಅವತ್ತೇ ಎಲ್ಲಾರಿಗೂ ಫೋಟೋ ಕಳಿಸಿದೆ. ರಿಟೈರ್ ಆದ ಕನ್ನಡ ಮಾಸ್ತರ್ ಒಬ್ರು ಫೋನ್ ಮಾಡಿ "ತಮ್ಮಾ, ಮುಂದಿನ ಐತವಾರ ಇಬ್ರೂ ಹೋಗೋಣು" ಅಂದ್ರು. ಹೋದ್ವಿ. ಅವರು ಬ್ಯಾಟರಿ ಬಲಕ್ಕಿಂದ ಬಿಟ್ರು, ನಾ ಅಕ್ಷರದ ಗೀರು ಅಂದ್ಕೊಂಡಿದ್ದು ಕಲ್ಲಿನ ಚಕ್ಕಿ ಎದ್ದ ಜಾಗ, ಹೆಸರು ಪೂರಾ ಬ್ಯಾರೆ ಆಯ್ತು. ಅವರು ಏನೂ ಅನ್ನಲಿಲ್ಲ, ನೋಟ್‌ಬುಕ್ಕಿನಾಗ ಕಾಣದ ಅಕ್ಷರಕ್ಕ ಚುಕ್ಕಿ ಇಡೋದು, ಅನುಮಾನದ ಅಕ್ಷರಕ್ಕ ಕಂಸ ಹಾಕೋದು ತೋರಿಸಿದ್ರು. ಅವತ್ತಿಂದ ಎರಡು ಕಡಿ ಬೆಳಕಿನಾಗ ನೋಡದೆ ನಾ ಒಂದು ಅಕ್ಷರ ಬರೀದಿಲ್ಲ, ಅಚ್ಚಾದ ಜಿಲ್ಲಾ ಶಾಸನ ಸಂಪುಟದಾಗ ಆ ಕಲ್ಲು ಆಗ್ಲೇ ಬಂದದ ಏನು ಅಂತ ಲೈಬ್ರರಿಗಿ ಹೋಗಿ ನೋಡದೆ ಹೊಸದು ಅನ್ನಂಗಿಲ್ಲ. ಹಿಂಗ ನಿಮ್ಮ ತಪ್ಪು ಹೇಳೋರೊಬ್ಬರನ್ನ ಹುಡಕ್ಕೊಳ್ರಿ, ಅವರ ಮನಿಗಿ ಹೋಗ್ರಿ, ಅವರ ಟೈಮಿಗಿ ಕಾಯ್ರಿ.

ಅಳತಿ ಬಿಡಬ್ಯಾಡ್ರಿ. ಕಲ್ಲಿನ ಎತ್ತರ, ಅಗಲ, ದಪ್ಪ, ಎಷ್ಟು ಸಾಲು, ಯಾವ ದಿಕ್ಕಿಗಿ ಮುಖ, ಮ್ಯಾಲ ಸೂರ್ಯ ಚಂದ್ರ ಲಿಂಗ ಆಕಳ ಕರು ಏನೇನು ಕೆತ್ತ್ಯಾರ, ಯಾರ ಹೊಲದಾಗ ಅಂತಲ್ಲ ಯಾವ ಗುಡಿಯಿಂದ ಎಷ್ಟು ಹೆಜ್ಜಿ ಅಂತ. ಇದು ಬೇಸರದ ಕೆಲಸ ಅನಿಸ್ತದ ಖರೇ, ಆದ್ರ ನಮ್ಮ ಭಾಗದ ದೊಡ್ಡ ದಿಲೆತ್ತಾಂತೆ ಒಬ್ಬನ ಹೆಸರು ಪುರಾತತ್ವದಾಗ ಉಳಿದಿದ್ದು ಇದರಿಂದ. ಮೆಡೋಸ್ ಟೇಲರ್, 1808ರಾಗ ಲಿವರ್‌ಪೂಲಿನಾಗ ಹುಟ್ಟಿದಾಂವ, ನಿಜಾಮರ ನೌಕರಿಗಿ ಸೇರಿ 1841ರಿಂದ ಸುರಪುರದಾಗ ಇದ್ದ, ಅಲ್ಲಿ ಗುಡ್ಡದ ಮ್ಯಾಲ ಟೇಲರ್ ಮಂಜಿಲ್ ಇವತ್ತಿಗೂ ಅದ. ಪುರಾತತ್ವ ಅಂವ ಎಲ್ಲೂ ಕಲಿತಿಲ್ಲ. ಆಡಳಿತದ ಕೆಲಸದ ನಡುವ ಜೇವರ್ಗಿ ಕಡಿ ಕಲ್ಲುಗುಪ್ಪಿ ಗೋರಿಗಳನ್ನ ಅಗಿಸಿ, ಮಣ್ಣಿನ ಪದರ ಪದರ ಅಡ್ಡಕೊಯ್ತದ ಚಿತ್ರ ಬರದು ಒಳಗ ಏನು ಯಾವ ಮಟ್ಟದಾಗ ಇತ್ತು ಅಂತ ದಾಖಲಿಸಿದ. ನೂರು ವರ್ಷದ ಮ್ಯಾಲ ಮಾರ್ಟಿಮರ್ ವೀಲರ್, ಭಾರತದ ಪುರಾತತ್ವ ಇಲಾಖೆಯ ಮಹಾನಿರ್ದೇಶಕ ಆಗಿದ್ದಾಂವ, ಆ ಚಿತ್ರಗಳನ್ನ ಹೊಗಳಿದ. ಈಗ ಯಾರೂ ಹಂಗ ಅಗಿಬಾರದು, ಆದ್ರ ಅಂವ ಬರದಿಟ್ಟ ಪದ್ಧತಿ ನಿಮಗೂ ನನಗೂ ಬೇಕು.

ರೊಕ್ಕದ ಮಾತು ಸಣ್ಣದು. ಬಸ್ ಚಾರ್ಜ್, ಬ್ಯಾಟರಿ ಸೆಲ್, ಪುಸ್ತಕ, ಇಷ್ಟೇ. ದೊಡ್ಡ ಕ್ಯಾಮರಾ ಮೊದಲ ದಿನಾನೇ ಕೊಳ್ಳಬ್ಯಾಡ್ರಿ, ಮೊಬೈಲ್ ಸಾಕು. ಮನಿ ಮಂದಿ ಜೊತಿ ಐತವಾರದ ಒಪ್ಪಂದ ಮಾಡ್ಕೊಳ್ರಿ, ನಮ್ಮನ್ಯಾಗ ತಿಂಗಳಿಗಿ ಎರಡು ಐತವಾರ ನಂದು, ಎರಡು ಮನಿಯದು, ಈ ಗೆರಿ ನಾ ದಾಟಿಲ್ಲ.

ಇನ್ನ ಓದಿ ಮುಗದ ಮ್ಯಾಲ ಮಾಡೋದು. ಪಾಠನ್ನ ಇವತ್ತಿನ ಅಕ್ಷರದಾಗ ದೊಡ್ಡದಾಗಿ ಬರದು, ಕೆಳಗ ಆಡುಮಾತಿನಾಗ ಅರ್ಥ ಬರದು, ಎರಡು ಜೆರಾಕ್ಸ್ ತೆಗಸ್ರಿ. ಒಂದು ಊರ ಶಾಲಿಗಿ, ಒಂದು ಗುಡಿ ಪೂಜಾರಿಗಿ. ತಿರುಗಿ ಆ ಊರಿಗಿ ಹೋಗಿ ಕೊಡ್ರಿ, ಟಪಾಲಿಗಿ ಹಾಕಬ್ಯಾಡ್ರಿ. ಕೊಟ್ಟ ದಿನ ಮಂದಿ ಸೇರತಾರ, ಕಲ್ಲಿನ ಮುಂದ ನಿಂತು ಜೋರಾಗಿ ಓದ್ರಿ ಅಂತಾರ. ಒಂದೂರಾಗ ಒಬ್ಬ ಆಯಿ, ಆ ಕಲ್ಲಿಗಿ ದಿನಾ ನೀರು ಹಾಕಿ ಕುಂಕುಮ ಹಚ್ಚೋಳು, ಮುಂದ ಬಂದು "ಯಪ್ಪಾ, ನಮ್ಮೂರ ಹೆಸರು ಅದರಾಗ ಅದ ಏನು?" ಅಂತ ಕೇಳಿದ್ಲು. ಇತ್ತು, ಹದಿನಾಲ್ಕನೇ ಸಾಲಿನಾಗ, ಈಗಿನ ಹೆಸರಿಗಿಂತ ಒಂದು ಅಕ್ಷರ ಬ್ಯಾರೆ. ಆಕಿ ಕೈ ಹಿಡದು ಬಟ್ಟು ಆ ಅಕ್ಷರದ ಮ್ಯಾಲ ಇಟ್ಟೆ. ಹಂಗಾಗಿ ಊರವರ ಮುಂದ ಓದುವಾಗ ರಾಜನ ಬಿರುದಿನಿಂದ ಶುರು ಮಾಡಬ್ಯಾಡ್ರಿ, ಊರ ಹೆಸರು ಇರೋ ಸಾಲು ಮೊದಲು ಓದ್ರಿ.